ಕಂಬಳಿ ಮೊದಲು, ನಾವು ಆಮೇಲೆ

ನಮ್ಮ ಮನೆಯ ಬಾಲ್ಕನಿಯಲ್ಲಿ ಇವತ್ತು ಕಂಬಳಿ ಒಣಗುತ್ತಿದೆ. ಜರ್ಮನಿಯ ಈ ಸಣ್ಣ ಊರಿನಲ್ಲಿ ಬಿಸಿಲು ಬಂದರೆ ಜನ ತಾವೇ ಹೊರಗೆ ಬಂದು ಮೈಯೊಡ್ಡಿ ಕೂರುತ್ತಾರೆ. ನಾವು ಮಾತ್ರ ಮೊದಲು ಕಂಬಳಿಯನ್ನು ಬಿಸಿಲಿಗೆ ಹಾಕುತ್ತೇವೆ. ಎದುರು ಮನೆಯ ನಾಯಿ ಬೆಳಗಿನಿಂದ ಅದನ್ನೇ ನೋಡಿ ಬೊಗಳುತ್ತಿದೆ. ಪಾಪ, ಅದರ ತಪ್ಪೇನೂ ಇಲ್ಲ. ಹುಣಸೆ ಬೀಜದ ಗಂಜಿ ಕುಡಿದು ಬಿರುಸಾಗಿರುವ, ಇಷ್ಟು ವರ್ಷವಾದರೂ ಕುರಿಯ ವಾಸನೆ ಬಿಡದ ಕರಿ ಕಂಬಳಿ ಅದು. ಕುರಿಯೊಂದು ಮಹಡಿ ಹತ್ತಿ ಕೂತಿದೆ ಎಂದು ನಾಯಿಗೆ ಅನ್ನಿಸಿರಬಹುದು.

ನಗಬೇಡಿ. ಇದೇ ಕಂಬಳಿಯ ದೆಸೆಯಿಂದ ಈ ಮನೆ ನನ್ನ ಕೈತಪ್ಪಿ ಹೋಗುವುದರಲ್ಲಿತ್ತು. ತಪ್ಪಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಕಂಬಳಿಯ ವಿಚಾರ ಮುಗಿಸಿಬಿಡೋಣ. ನಮ್ಮ ಮನೆಯಲ್ಲಿ ಯಾವಾಗಲೂ ಕಂಬಳಿ ಮೊದಲು, ನಾವು ಆಮೇಲೆ.

ನಮ್ಮಪ್ಪ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಅವರಪ್ಪ, ಅಂದರೆ ನನ್ನ ತಾತ, ಜವನಗೊಂಡನಹಳ್ಳಿ ಕಡೆ ಕುರಿ ಕಾಯುತ್ತಿದ್ದವರು. ತಾತ ಕುರಿಯ ಹಿಂದೆ ಊರೂರು ಸುತ್ತಿದರೆ ಅಪ್ಪ ವರ್ಗಾವಣೆಯ ಹಿಂದೆ ಸುತ್ತಿದರು, ಅಷ್ಟೇ ವ್ಯತ್ಯಾಸ. ಹಿರಿಯೂರು, ಹೊಳಲ್ಕೆರೆ, ಚಿತ್ರದುರ್ಗ, ಕೊನೆಗೆ ಹೊಸದುರ್ಗ. ಜಿಲ್ಲೆಯ ಅರ್ಧ ಬಾಡಿಗೆ ಮನೆಗಳ ಬಚ್ಚಲಲ್ಲಿ ನಾನು ಸ್ನಾನ ಮಾಡಿದ್ದೇನೆ ಅಂದರೆ ಹೆಚ್ಚೇನಲ್ಲ. ಪ್ರತಿ ಸಲ ಮನೆ ಬದಲಿಸುವಾಗಲೂ ಅಮ್ಮನದು ಒಂದೇ ಕಟ್ಟಳೆ. ನಾವು ಕಾಲಿಡುವ ಮೊದಲೇ, ಒಳ್ಳೆಯ ದಿನ ನೋಡಿ, ತಾತನ ಕುರಿಗಳ ಉಣ್ಣೆಯಿಂದ ನೇಯ್ದ ಕಂಬಳಿ ಹೊಸ ಮನೆಗೆ ಹೋಗಬೇಕು. ಖಾಲಿ ಮನೆಯ ನಡುವೆ ಅದನ್ನು ಹಾಸಿ, ಮೇಲೆ ಅಕ್ಕಿ ಹರಡಿ, ನೀರು ತುಂಬಿದ ಚೊಂಬಿಗೆ ವೀಳ್ಯದೆಲೆ ಸಿಗಿಸಿ, ತೆಂಗಿನಕಾಯಿ ಕೂರಿಸಿ, ಪಕ್ಕದಲ್ಲಿ ಒಂದು ಬಟ್ಟಲು ಉಪ್ಪು ಇಡಬೇಕು. ಗದ್ದುಗೆ ಹಾಕುವುದು ಅನ್ನುತ್ತಾರೆ ಇದಕ್ಕೆ. ಆ ಗದ್ದುಗೆಯ ಮೇಲೆ ದೇವರು ಬಂದು ಕೂರುತ್ತಾನೆ. ಅವನು ಕೂತಮೇಲೆ ನಾವು ಆಷಾಢದಲ್ಲಿ ಬಂದರೂ, ಅಮಾವಾಸ್ಯೆಯಲ್ಲಿ ಬಂದರೂ ಅಡ್ಡಿಯಿಲ್ಲ.

ಅಪ್ಪ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಟಿವಿಎಸ್ ಓಡಿಸುತ್ತಿದ್ದರು. ನಾನು ಹಿಂದೆ ಚೊಂಬು ಹಿಡಿದು ಕೂರುತ್ತಿದ್ದೆ. ರಸ್ತೆಯ ಗುಂಡಿಗಳಲ್ಲಿ ನೀರೆಲ್ಲ ನನ್ನ ಲಂಗಕ್ಕೆ ಚೆಲ್ಲಿ, ಹೊಸ ಬೀದಿಯ ಜನ ನನ್ನನ್ನು ಮೊದಲ ಸಲ ನೋಡುವುದು ಯಾವಾಗಲೂ ಒದ್ದೆ ಲಂಗದಲ್ಲೇ ಆಗಿತ್ತು. ಆ ಬೀದಿಯ ಹುಡುಗಿಯರು ಏನು ತಿಳಿದುಕೊಂಡರೋ ಏನೋ, ಗೆಳೆತನ ಬೆಳೆಯಲು ಬಹಳ ಕಾಲ ಹಿಡಿಯುತ್ತಿತ್ತು.

ಹೊಳಲ್ಕೆರೆಯಲ್ಲಿ ಮನೆ ಓನರ್ ಆಗಿದ್ದ ಹೆಂಗಸು ಬಲು ಖಡಕ್ಕು. ಬಾಗಿಲಲ್ಲೇ ನಿಲ್ಲಿಸಿ, "ಎಷ್ಟು ಜನ ಇರ್ತೀರಿ?" ಎಂದು ಕೇಳಿದರು. "ಮೂರೇ ಜನ ಕಣ್ರಿ" ಎಂದಳು ಅಮ್ಮ. ಒಂದು ವಾರ ಕಳೆದಿರಲಿಲ್ಲ, ನಮ್ಮ ದೊಡ್ಡಪ್ಪ ಹೊಟ್ಟೆ ಉಬ್ಬರಿಸಿದ ಕುರಿಯನ್ನು ಅಪ್ಪನಿಗೆ ತೋರಿಸಲು ಕರೆತಂದು ನಮ್ಮ ಬಚ್ಚಲಲ್ಲಿ ಕಟ್ಟಿದರು. ಓನರ್ ಓಡಿ ಬಂದು, "ಮೂರೇ ಜನ ಅಂದ್ರಲ್ರೀ!" ಎಂದರು. ಅಮ್ಮ ಶಾಂತವಾಗಿ, "ಹೌದಲ್ರಿ. ಇದು ಜನ ಅಲ್ಲ, ಕುರಿ" ಎಂದಳು. ಆ ಮನೆಯಲ್ಲಿ ನಾವು ಹೆಚ್ಚು ಕಾಲ ಇರಲಿಲ್ಲ.

ಚಿತ್ರದುರ್ಗದಲ್ಲಂತೂ ಕೋಟೆ ಕಡೆಯ ಬೀದಿಯ ಮನೆ. ಗದ್ದುಗೆ ಹಾಕಿ ಬಂದ ಮರುದಿನ ಸಾಮಾನು ತಗೊಂಡು ಹೋಗಿ ಬಾಗಿಲು ತೆಗೆದರೆ, ಕರಿಮೂತಿಯ ದೊಡ್ಡ ಮುಸಿಯವೊಂದು ಕಿಟಕಿಯಿಂದ ಇಳಿದು ಬಂದು ಕಂಬಳಿಯ ಮೇಲೆ ಕಾಲು ಚಾಚಿ ಕೂತು ತೆಂಗಿನಕಾಯಿ ಕೆರೆಯುತ್ತಿತ್ತು. ಅಪ್ಪ ಕೋಲು ಹುಡುಕಿದರೆ ಅಮ್ಮ ಅವರ ಕೈ ಹಿಡಿದಳು. "ಸುಮ್ಕಿರ್ರಿ, ಆಂಜನೇಯನೇ ಬಂದು ಕುಂತವ್ನೆ. ಅವನಾಗೇ ಏಳಾಗಂಟ ಯಾರೂ ಒಳಗೆ ಹೋಗಂಗಿಲ್ಲ." ಸಾಮಾನು ತುಂಬಿದ ಆಟೊದವನೂ ಸೇರಿ ನಾವೆಲ್ಲ ಬೀದಿಯಲ್ಲಿ ಕಾದೆವು. ಆಂಜನೇಯನಿಗೆ ಯಾವ ಅವಸರವೂ ಇರಲಿಲ್ಲ.

ಇಂಥ ಮನೆಯಲ್ಲಿ ಬೆಳೆದ ನಾನು ನರ್ಸ್ ಆದೆ. ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತ ಜರ್ಮನ್ ಕಲಿತು, ಇಲ್ಲಿನ ವೃದ್ಧರ ಆರೈಕೆ ಕೇಂದ್ರಕ್ಕೆ ಬಂದೆ. ಗಂಡ ಮಂಜು, ಏಳು ವರ್ಷದ ಮಗಳು ಸಿರಿ, ಇಬ್ಬರೂ ಹೊಸದುರ್ಗದಲ್ಲಿ ಅಮ್ಮನ ಜೊತೆ ಉಳಿದರು. ಹೊರಡುವ ದಿನ ಅಮ್ಮ ನನ್ನ ಸೂಟ್‌ಕೇಸಿನಿಂದ ಕುಕ್ಕರ್ ತೆಗೆದು ಕಂಬಳಿ ತುರುಕಿದಳು. ನಾನು ರೇಗಿದೆ. "ಕುಕ್ಕರ್ ಅಲ್ಲೂ ಸಿಗ್ತೈತೆ. ಕಂಬಳಿ ಯಾರ್ ಕೊಡ್ತಾರೆ ನಿನಗೆ?" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಈಗಲೂ ಕಷ್ಟ.

ಈಗ ಅಸಲು ವಿಚಾರಕ್ಕೆ ಬರುತ್ತೇನೆ. ಗಂಡ, ಮಗಳು ಇಲ್ಲಿಗೆ ಬರಬೇಕಾದರೆ ನನ್ನ ಹೆಸರಲ್ಲಿ ಮೂರು ಜನ ಇರಬಹುದಾದ ಮನೆಯೊಂದು ಇರಬೇಕು. ಬರೀ ಮನೆ ಇದ್ದರೆ ಸಾಲದು. 'ಇವಳು ನಮ್ಮ ಮನೆಯಲ್ಲಿ ವಾಸಕ್ಕೆ ಬಂದಿದ್ದಾಳೆ' ಎಂದು ಓನರ್ ಒಂದು ಚೀಟಿಗೆ ಸಹಿ ಹಾಕಿ ಕೊಡಬೇಕು. ಅದನ್ನು ಹಿಡಿದು ಊರಿನ ನೋಂದಣಿ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ನಮ್ಮಲ್ಲಿ ಮನೆ ಬದಲಿಸಿದರೆ ಹಾಲಿನವನಿಗೆ ಹೇಳಿದರೆ ಮುಗಿಯಿತು. ಇಲ್ಲಿ ಸರ್ಕಾರಕ್ಕೆ ಹೇಳಬೇಕು. ಬೆಂಗಳೂರಿನಲ್ಲಿ ಅವರಿಬ್ಬರ ವೀಸಾ ಸಂದರ್ಶನಕ್ಕೆ ಎಷ್ಟೋ ತಿಂಗಳು ಕಾದಮೇಲೆ ಆಗಸ್ಟ್‌ನಲ್ಲಿ ಒಂದು ದಿನ ಗೊತ್ತಾಗಿತ್ತು. ಅಷ್ಟರೊಳಗೆ ನೋಂದಣಿಯ ಕಾಗದ ಅವರ ಕೈಯಲ್ಲಿರಬೇಕು. ಇಲ್ಲದಿದ್ದರೆ ಮತ್ತೆ ಸಾಲಿನ ತುದಿಗೆ. ಸಿರಿ ಪ್ರತಿ ವಿಡಿಯೊ ಕಾಲಿನಲ್ಲೂ ಬಿದ್ದ ಹಲ್ಲು ತೋರಿಸುತ್ತಿದ್ದಳು. ಹಲ್ಲೆಲ್ಲ ನಾನಿಲ್ಲದಾಗಲೇ ಬಿದ್ದು, ನಾನಿಲ್ಲದಾಗಲೇ ಹುಟ್ಟಿಬಿಡುತ್ತವೆ ಎಂದು ಹಾಸ್ಟೆಲ್ ಕೋಣೆಯಲ್ಲಿ ಒಬ್ಬಳೇ ಅತ್ತದ್ದಿದೆ.

ಮನೆ ಹುಡುಕಾಟದಲ್ಲಿ ನನ್ನ ಜರ್ಮನ್ನಿನ ಬಂಡವಾಳ ಬಯಲಾಯಿತು. ನಾನು ಕಲಿತದ್ದು ರೋಗಿಗಳ ಜರ್ಮನ್. ಎಲ್ಲಿ ನೋವು, ಮೋಷನ್ ಆಯಿತಾ, ಸ್ವಲ್ಪ ಮಗ್ಗುಲಾಗಿ, ಇಷ್ಟರಲ್ಲಿ ನಾನು ಪಂಡಿತಳು. ಮೊದಲು ನೋಡಿದ ಮನೆಯಲ್ಲಿ ಅಡುಗೆಮನೆ ಎಲ್ಲಿ ಎಂದು ಕೇಳಿದೆ. ಓನರ್ ಒಂದು ಬೋಳು ಕೋಣೆ ತೋರಿಸಿದ. ಕಟ್ಟೆಯಿಲ್ಲ, ಸಿಂಕ್ ಇಲ್ಲ, ಗೋಡೆಯಿಂದ ಒಂದು ಪೈಪು ಹೊರಗಿಣುಕಿತ್ತು. ಇಲ್ಲಿ ಬಾಡಿಗೆದಾರರು ಅಡುಗೆಮನೆಯನ್ನೂ ಕಿತ್ತುಕೊಂಡು ಹೋಗುತ್ತಾರಂತೆ. ಆಗ ಅದು ಗೊತ್ತಿಲ್ಲದೆ, ಕಳ್ಳತನವಾಗಿದೆ ಎಂದು ತಿಳಿದು ನಾನು ಆ ಮನುಷ್ಯನಿಗೆ ಸಮಾಧಾನ ಹೇಳಿ ಬಂದೆ. ಮನೆ ಮಾತ್ರ ಬೇರೆಯವರಿಗೆ ಹೋಯಿತು.

ಕೊನೆಗೆ ಸಿಕ್ಕವರು ಫ್ರಾವ್ ಬೆಕರ್. ಫ್ರಾವ್ ಅಂದರೆ ನಮ್ಮ ಶ್ರೀಮತಿ ಇದ್ದ ಹಾಗೆ. ಎಪ್ಪತ್ತು ದಾಟಿದ ಹೆಂಗಸು, ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಮಂಡಿ ನೋವಿಗೆ ಕುಂಟುತ್ತ ಮೂರು ಮಹಡಿ ಹತ್ತಿ ಮನೆ ತೋರಿಸಿದರು. ಹೊರಡುವಾಗ 'ಹೋಗಿ ಬರುತ್ತೇನೆ' ಅನ್ನಬೇಕಾದ ಕಡೆ ನಾನು ಅಭ್ಯಾಸಬಲದಿಂದ 'ಬೇಗ ಹುಷಾರಾಗಿ' ಅಂದುಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು. ಮರುದಿನ ಮನೆ ನಿನಗೇ ಎಂದು ಫೋನ್ ಬಂತು. ಮನೆ ನೋಡಲು ಬಂದ ಅಷ್ಟು ಜನರಲ್ಲಿ ಅವರ ಮಂಡಿಯ ಬಗ್ಗೆ ಮಾತಾಡಿದವಳು ನಾನೊಬ್ಬಳೇ ಅಂತೆ.

ಕರಾರು ಜುಲೈ ಮೊದಲನೇ ತಾರೀಕಿನಿಂದ. ಖುಷಿಯಿಂದ ಅಮ್ಮನಿಗೆ ಹೇಳಿದೆ. ಆ ಕಡೆ ಕ್ಯಾಲೆಂಡರ್ ಮಗುಚುವ ಸದ್ದು.

"ಲೇ, ಅದು ಆಷಾಢ ಕಣೆ!"

"ಇಲ್ಲಿ ಆಷಾಢ ಇಲ್ಲಮ್ಮ."

"ಆಷಾಢ ಇಲ್ಲದ ಊರು ಎಲ್ಲೈತೆ? ಅದು ಹುಟ್ಟಾಕ್ಕೆ ಮುಂಚೆ ಕಂಬಳಿ ಒಳಗೆ ಮಾಡು. ಆ ಕೂಸು ಬಂದು ಬಾಳೋ ಮನೆ ಅದು."

ಕೂಸಿನ ಮಾತು ಬಂದಮೇಲೆ ನನ್ನ ವಿಜ್ಞಾನವೆಲ್ಲ ಎಲ್ಲಿ ಹೋಯಿತೋ. ಒಂದಿಷ್ಟು ಸಾಮಾನು ಮೊದಲೇ ಇಡಬಹುದೇ ಎಂದು ಫ್ರಾವ್ ಬೆಕರರನ್ನು ಕೇಳಿದೆ. ಧಾರಾಳವಾಗಿ ಎಂದು ಕೀಲಿಕೈ ಕೊಟ್ಟರು. ಅವರು ಪೆಟ್ಟಿಗೆ, ಕುರ್ಚಿ ಎಂದುಕೊಂಡಿದ್ದರು.

ವೀಳ್ಯದೆಲೆ ಈ ಊರಲ್ಲಿಲ್ಲ. ಪಾಲಕ್ ಎಲೆಯನ್ನೇ ಚೊಂಬಿಗೆ ಸಿಗಿಸಿದೆ. ಇನ್ನು ತೆಂಗಿನಕಾಯಿ. ಹೊಸದುರ್ಗದಲ್ಲಿ ಮನೆ ಮುಂದೆಯೇ ಕಾಯಿ ರಾಶಿ ನೋಡಿದವಳು ನಾನು, ಇಲ್ಲಿ ಅಂಗಡಿಯಲ್ಲಿ ಬೆಲೆಯ ಸ್ಟಿಕರ್ ಅಂಟಿಸಿದ, ಜುಟ್ಟಿಲ್ಲದ ಬೋಳು ಕಾಯಿಯೊಂದನ್ನು ತಂದೆ. ಸ್ಟಿಕರ್ ಬಿಡಲೇ ಇಲ್ಲ. ಅದನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದೆ. ದೀಪ ಹಚ್ಚಲು ಧೈರ್ಯ ಬರಲಿಲ್ಲ, ಚಾವಣಿಯಲ್ಲಿ ಹೊಗೆ ಕಂಡರೆ ಕಿರುಚುವ ಯಂತ್ರವಿತ್ತು. ಅಕ್ಕಿ ಹರಡಿದೆ, ಉಪ್ಪಿನ ಬಟ್ಟಲು ಇಟ್ಟೆ. ಅಮ್ಮ ವಿಡಿಯೊದಲ್ಲಿ ನೋಡಿ, ಕಾಯಿ ಯಾಕೆ ಮುನಿಸಿಕೊಂಡಂಗೆ ಆ ಕಡೆ ತಿರುಗೈತೆ ಎಂದು ಕೇಳಿದಳು. ಕೈಮುಗಿದು, ಬಾಗಿಲು ಹಾಕಿ ಕೆಲಸಕ್ಕೆ ಹೋದೆ.

ಎರಡು ದಿನದ ಮೇಲೆ ಕೆಲಸದ ನಡುವೆ ಫ್ರಾವ್ ಬೆಕರ್ ಫೋನ್ ಮಾಡಿದರು. ನೀರಿನ ಮೀಟರ್ ನೋಡಲು ಮೇಲೆ ಹೋಗಿದ್ದರಂತೆ. ಧ್ವನಿ ಗಡುಸಾಗಿತ್ತು.

"ಮನೆಯಲ್ಲಿ ಯಾರು ಮಲಗುತ್ತಿದ್ದಾರೆ?"

"ಯಾರೂ ಮಲಗಿಲ್ಲ" ಎಂದೆ. ಗದ್ದುಗೆ, ಕಟ್ಟಳೆ ಇವಕ್ಕೆಲ್ಲ ನನ್ನ ಆಸ್ಪತ್ರೆಯ ಜರ್ಮನ್ನಿನಲ್ಲಿ ಪದಗಳಿರಲಿಲ್ಲ. ಇದ್ದ ಪದಗಳನ್ನೇ ಜೋಡಿಸಿ ಹೇಳಿದೆ. "ದೇವರು ಕೂತಿದ್ದಾರೆ."

ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು.

"ಎಷ್ಟು ದಿನ ಇರುತ್ತಾರೆ?"

"ಯಾವಾಗಲೂ ಇರುತ್ತಾರೆ."

"ಹಾಗಾದರೆ ಅವರ ಹೆಸರನ್ನೂ ನೋಂದಾಯಿಸಬೇಕು. ನೀನು ನನಗೆ ಮೂವರು ಅಂದಿದ್ದೆ. ಇವತ್ತು ಸಂಜೆ ಬಾ. ಅಲ್ಲಿಯವರೆಗೆ ನಾನು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ."

ಆಮೇಲೆ ತಿಳಿಯಿತು, ಅವರ ಕಲ್ಪನೆಯೂ ಬುಡವಿಲ್ಲದ್ದಲ್ಲ. ಖಾಲಿ ಮನೆ, ನೆಲದ ಮೇಲೆ ಹಳೆಯ ಕರಿ ಕಂಬಳಿ, ಕುಡಿಯಲು ನೀರು, ತಿನ್ನಲು ಅಕ್ಕಿ, ಉಪ್ಪು, ತೆಂಗಿನಕಾಯಿ, ಸ್ವಲ್ಪ ಸೊಪ್ಪು. ದೇವರು ಅನ್ನುವ ಹೆಸರಿನ ಯಾವನೋ ದಿಕ್ಕಿಲ್ಲದ ಮನುಷ್ಯನನ್ನು ತಂದು ನಾನು ಕದ್ದು ಇರಿಸಿದ್ದೇನೆ, ಪಾಪ ಅವನಿಗೆ ಸರಿಯಾಗಿ ಊಟವನ್ನೂ ಹಾಕುತ್ತಿಲ್ಲ ಎಂದು ಅವರು ತಿಳಿದಿದ್ದರು.

ಆ ಸಂಜೆ ಮೂರು ಮಹಡಿ ಹತ್ತುವಾಗ ನನಗೆ ಅಮ್ಮನ ಮೇಲೆ, ಕಂಬಳಿಯ ಮೇಲೆ, ತಾತನ ಕುರಿಗಳ ಮೇಲೆ, ಎಲ್ಲದರ ಮೇಲೂ ಕೋಪ. ಒಂದು ಸಹಿ. ಅದು ತಪ್ಪಿದರೆ ಆಗಸ್ಟ್ ತಪ್ಪಿತು, ಸಿರಿ ತಪ್ಪಿದಳು. ದೊಡ್ಡ ದೊಡ್ಡ ಪರೀಕ್ಷೆ ಪಾಸು ಮಾಡಿ ಬಂದವಳು ಪಾಲಕ್ ಸೊಪ್ಪಿನಿಂದ ಫೇಲಾಗುತ್ತೇನೆಯೇ ಎನ್ನಿಸಿತು.

ಫ್ರಾವ್ ಬೆಕರ್ ಕೈಕಟ್ಟಿ ಬಾಗಿಲಲ್ಲಿ ನಿಂತಿದ್ದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕಂಬಳಿ ತೋರಿಸಿ, ತಾತ, ಕುರಿ, ಅಮ್ಮ ಎಂದೆಲ್ಲ ತೊದಲಿದೆ. ಗಾಬರಿಯಲ್ಲಿ 'ಆಳವಾಗಿ ಉಸಿರಾಡಿ' ಎಂದೂ ಅಂದೆನಂತೆ. ಕೊನೆಗೆ ದಾರಿ ಕಾಣದೆ ಊರಿಗೆ ವಿಡಿಯೊ ಕಾಲ್ ಮಾಡಿ, ಫೋನನ್ನೇ ಅವರ ಮುಂದೆ ಹಿಡಿದೆ. ಹೊಸದುರ್ಗದಲ್ಲಿ ಆಗ ಊಟ ಮುಗಿದಿತ್ತು. ಅಮ್ಮ ಸೆರಗು ಸರಿ ಮಾಡಿಕೊಂಡು, ಆಕೆಗೆ ಕನ್ನಡ ಬರುವುದಿಲ್ಲ ಎನ್ನುವುದನ್ನು ಲೆಕ್ಕಕ್ಕೇ ಇಡದೆ ಶುರು ಮಾಡಿದಳು.

"ಏನ್ ತಾಯಿ, ಚೆನ್ನಾಗಿದೀರಾ? ಯಾಕ್ ನಿಂತೇ ಇದೀರಿ, ಕಂಬಳಿ ಪಕ್ಕ ಕುಂತ್ಕಳ್ರಿ. ನಮ್ ಹುಡುಗಿಗೆ ಶಾಸ್ತ್ರ ಗೊತ್ತಿಲ್ಲ, ಏನೋ ಸೊಪ್ಪು ಸೆದೆ ಇಟ್ಟವ್ಳೆ. ತಪ್ಪು ತಿಳ್ಕಾಬ್ಯಾಡ್ರಿ."

ಸಿರಿ ಅಜ್ಜಿಯ ತೋಳಿನ ಕೆಳಗಿಂದ ತಲೆ ತೂರಿಸಿ, "ಅಜ್ಜಿ, ಇವ್ರೇನಾ ನಮ್ ಓನರ್ರು?" ಎಂದು ಕೇಳಿ, ಹಲ್ಲಿಲ್ಲದ ಬಾಯಿ ತೆರೆದು ಕೈ ಬೀಸಿದಳು. ಫ್ರಾವ್ ಬೆಕರರ ಕಟ್ಟಿದ ಕೈ ಸಡಿಲವಾಯಿತು.

"ಇವಳೇ ಬರಬೇಕಾದವಳಾ?" ಎಂದರು.

ಹೌದೆಂದೆ. ಅವರು ಕುಂಟುತ್ತ ಹತ್ತಿರ ಬಂದು, ಬಗ್ಗಿ, ಉಪ್ಪಿನ ಬಟ್ಟಲನ್ನು ನೋಡಿದರು. ಬೆರಳಿಂದ ಮುಟ್ಟಿ ರುಚಿ ನೋಡಿದರು. "ಉಪ್ಪು" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮೇಷ್ಟ್ರು ಹೋಮ್‌ವರ್ಕ್ ಕೇಳುವ ಹಾಗೆ, "ಬ್ರೆಡ್ ಎಲ್ಲಿ?" ಎಂದು ಕೇಳಿದರು.

ಅವರಿಗೆ ಹಸಿವಾಗಿದೆ ಎಂದುಕೊಂಡು ನಾನು ಬ್ಯಾಗಿನಲ್ಲಿದ್ದ ಬಿಸ್ಕತ್ತು ತೆಗೆದೆ. ಅವರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಹೊಸ ಮನೆಗೆ ಉಪ್ಪು ಬಂದರೆ ಜೊತೆಗೆ ಬ್ರೆಡ್ಡೂ ಬರಬೇಕು, ಇಲ್ಲಿನ ಪದ್ಧತಿ ಹಾಗೆ, ಬರೀ ಉಪ್ಪಿಟ್ಟರೆ ಅರ್ಧ ಕೆಲಸ ಎಂದು ಬಿಡಿಸಿ ಹೇಳಿದರು. ನಾನು ಬೇಡವೆಂದರೂ ಕೇಳದೆ ಆ ನೋಯುವ ಮಂಡಿಯಲ್ಲಿ ಕೆಳಗಿಳಿದು ಹೋಗಿ, ದುಂಡನೆಯ ಕಂದು ಬ್ರೆಡ್ಡೊಂದನ್ನು ಹಿಡಿದು ಮತ್ತೆ ಏದುಸಿರು ಬಿಡುತ್ತ ಬಂದರು. ಚಪ್ಪಲಿಯನ್ನು ಬಾಗಿಲಾಚೆಯೇ ಬಿಟ್ಟು ಬಂದು ಕಂಬಳಿಯ ಮೇಲೆ, ಕಾಯಿಯ ಪಕ್ಕ ಅದನ್ನಿಟ್ಟರು.

ಫೋನಿನಲ್ಲಿ ಅಮ್ಮ ಎಲ್ಲವನ್ನೂ ನೋಡುತ್ತಿದ್ದಳು. "ನೋಡಿದ್ಯಾ, ಆಯಮ್ಮಂಗೆ ಎಲ್ಲಾ ಗೊತ್ತೈತೆ. ನಿನಗೇ ಏನೂ ಗೊತ್ತಿಲ್ಲ" ಎಂದಳು. ಎರಡು ದೇಶದ ಹಿರಿಯರು ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ನನ್ನ ದಡ್ಡತನದ ವಿಷಯದಲ್ಲಿ ಒಂದಾಗಿದ್ದರು. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ. ಸಹಿ ಅಲ್ಲೇ ಆಯಿತು, ಕಿಟಕಿಯ ಕಟ್ಟೆಯ ಮೇಲೆ.

ನೋಂದಣಿ ಕಚೇರಿಯಲ್ಲೂ ನಾನು ಸುಮ್ಮನಿರಲಿಲ್ಲ. ಮನೆಗೆ ಬಂದ ದಿನ ಯಾವುದು ಎಂದು ಅಲ್ಲಿನ ಯುವಕ ಕೇಳಿದಾಗ ಕಂಬಳಿ ಹೋದ ದಿನ ಹೇಳಿದೆ. ಚೀಟಿಯಲ್ಲಿ ಬೇರೆ ದಿನ ಇದೆಯಲ್ಲ ಎಂದ. ಅದು ನಾನು ಹೋದ ದಿನ, ಇದು ಕಂಬಳಿ ಒಳಗಾದ ದಿನ ಎಂದು ವಿವರಿಸಲು ಹೊರಟೆ. ಅವನು ಪೆನ್ನು ಕೆಳಗಿಟ್ಟು, "ನೀವು ಮೊದಲ ರಾತ್ರಿ ನಿದ್ದೆ ಮಾಡಿದ್ದು ಯಾವತ್ತು?" ಎಂದು ಕೇಳಿದ. ಮಗಳ ಮುಖ ನೆನಪಾಗಿ, ಶಾಸ್ತ್ರ ಬಿಟ್ಟು ಜುಲೈ ಒಂದು ಎಂದೆ. ಕಾಗದದ ಫೋಟೊ ನೋಡಿದ ಅಮ್ಮ ಆಷಾಢದ ತಾರೀಕು ಕಂಡು ಕಿರುಚುತ್ತಾಳೆ ಎಂದು ಹೆದರಿದ್ದೆ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. "ಸರ್ಕಾರದ ತಾರೀಕು ಹಂಗೇ ಬಿಡು. ನಿನ್ ಹುಟ್ಟಿದ್ ತಾರೀಕೂ ಇಸ್ಕೂಲ್ ಮೇಷ್ಟ್ರು ಬರ್ಕಂಡಿದ್ದೇ ತಾನೆ" ಎಂದಳು.

ಕಾಗದ ಆಗಸ್ಟಿಗೆ ಸರಿಯಾಗಿ ಬೆಂಗಳೂರು ತಲುಪಿತು. ವೀಸಾ ಬರುವಷ್ಟರಲ್ಲಿ ಡಿಸೆಂಬರ್. ಮಂಕಿ ಕ್ಯಾಪು, ಎರಡು ಸ್ವೆಟರು ಹಾಕಿಕೊಂಡು ಸಿರಿ ವಿಮಾನ ಇಳಿದಳು. ನನ್ನ ಸೊಂಟದಷ್ಟಿದ್ದವಳು ಎದೆಯವರೆಗೆ ಬಂದಿದ್ದಳು. ಬಿದ್ದ ಹಲ್ಲಿನ ಜಾಗದಲ್ಲಿ ದೊಡ್ಡ ಹಲ್ಲು. ರೈಲಿನಲ್ಲೆಲ್ಲ ಅಪ್ಪನ ಪಕ್ಕ ಅಂಟಿ ಕೂತು ನನ್ನನ್ನು ಓರೆಗಣ್ಣಲ್ಲಿ ನೋಡುತ್ತಿದ್ದಳು. ಫೋನಿನೊಳಗಿನ ಅಮ್ಮ ಇವಳೇನಾ ಎನ್ನುವ ಹಾಗಿತ್ತು ಆ ನೋಟ.

ಮನೆಯ ಕೆಳಗೆ ಬಂದೆವು. ಬಾಗಿಲ ಪಕ್ಕ ಒಬ್ಬೊಬ್ಬರ ಮನೆಗೂ ಒಂದೊಂದು ಬೆಲ್ಲು, ಎದುರಿಗೆ ಹೆಸರು. ಫ್ರಾವ್ ಬೆಕರ್ ನಮ್ಮ ಮೂವರ ಹೆಸರನ್ನೂ ಹೊಸದಾಗಿ ಬರೆದು ಅಂಟಿಸಿದ್ದರು. ಮಂಜು ಸೂಟ್‌ಕೇಸು ಜೋಡಿಸುತ್ತಿದ್ದ. ನಾನು ಬ್ಯಾಗಿನಲ್ಲಿ ಕೀಲಿಕೈ ತಡಕುತ್ತಿದ್ದೆ. ಅಷ್ಟರಲ್ಲಿ ಸಿರಿ ತನ್ನ ಹೆಸರು ಹುಡುಕಿ ಬೆಲ್ಲು ಒತ್ತಿದಳು. ತಲೆಯೆತ್ತಿ ಕಾದಳು. ಮತ್ತೆ ಒತ್ತಿದಳು.

"ಅಮ್ಮ, ಯಾರೂ ಬಾಗ್ಲು ತೆಗೀತಿಲ್ಲ."

"ಒಳಗೆ ಯಾರೂ ಇಲ್ಲ ಕಣೆ. ಈ ಮನೇಲಿರೋರೆಲ್ಲ ಇಲ್ಲೇ ನಿಂತೀವಲ್ಲ."

ಅವಳಿಗೆ ಅದು ತಿಳಿಯಲಿಲ್ಲ. ಹೊಸದುರ್ಗದ ಮನೆಯಲ್ಲಿ ಯಾವಾಗ ಕೂಗಿದರೂ ಬಾಗಿಲು ತೆಗೆಯಲು ಅಜ್ಜಿಯೋ ಪಕ್ಕದ ಮನೆಯವರೋ ಒಳಗೆ ಇದ್ದೇ ಇರುತ್ತಿದ್ದರು. ಒಳಗೆ ಯಾರೂ ಇಲ್ಲದ ಮನೆಯನ್ನು ಅವಳು ನೋಡಿದ್ದೇ ಇಲ್ಲ. ಮುಖ ಸಪ್ಪಗಾಯಿತು. "ಹಂಗಾದ್ರೆ ಇದು ನಮ್ಮನೆ ಅಲ್ವೇನೋ" ಎಂದು ಅಪ್ಪನ ಕೈ ಹಿಡಿದಳು.

ಕೀಲಿಕೈ ಸಿಕ್ಕಿತ್ತು. "ಇಲ್ಲೇ ಇರ್ರಿ" ಎಂದು ಮಂಜುವಿಗೆ ಹೇಳಿ ನಾನೊಬ್ಬಳೇ ಒಳಗೆ ನುಗ್ಗಿದೆ. ಬಾಗಿಲು ಹಿಂದೆ ತಾನಾಗಿ ಮುಚ್ಚಿಕೊಂಡಿತು. ದಪ್ಪ ಕೋಟಿನಲ್ಲಿ ಮೂರು ಮಹಡಿ ಓಡಿ ಹತ್ತಿದೆ, ಎಡವಿದೆ, ಶಾಲು ಎಲ್ಲೋ ಬಿತ್ತು. ಮನೆಯೊಳಗೆ ಹೋಗಿ, ಕೆಳಗೆ ಬಾಗಿಲಲ್ಲಿ ನಿಂತವರ ಜೊತೆ ಮಾತಾಡಲು ಗೋಡೆಗೆ ಹಾಕಿರುವ ಫೋನ್ ಹಿಡಿದು ಏದುಸಿರು ಬಿಡುತ್ತ ನಿಂತೆ. ಬೆಲ್ಲು ಬಡಿಯಲಿಲ್ಲ. ಒತ್ತು ಮಗಳೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಕೊನೆಗೂ ಬಡಿಯಿತು.

"ಯಾರದು?" ಎಂದೆ.

"ನಾನಮ್ಮ, ಸಿರಿ. ಬಾಗ್ಲು ತೆಗಿ."